ತಪ್ಪು ಅವರದು, ಬಿಲ್ಲು ನಮ್ಮದು

ಸಂಪಾದಕರು ಈ ಸಂಚಿಕೆಗೆ "ನಿಮ್ಮ ರಸಾಯನಶಾಸ್ತ್ರದ ವಿಷಯ ಏನಾದರೂ, ಮನೆಮಂದಿಯೆಲ್ಲ ಓದುವ ಹಾಗೆ ಬರೆದುಕೊಡಿ" ಎಂದು ಕೇಳಿದ್ದರು. ನಾವೂ ಒಪ್ಪಿಕೊಂಡಿದ್ದೆವು. ಆದರೆ ಬರೆಯಲು ಕುಳಿತ ಸಂಜೆ ಮೇಜಿನ ಖಾನೆಯಲ್ಲಿ ಹಳೆಯ ಬಿಲ್ಲೊಂದು ಕೈಗೆ ಸಿಕ್ಕಿತು. ಅದನ್ನು ನೋಡಿದ ಮೇಲೆ ರಸಾಯನಶಾಸ್ತ್ರ ಹಿಂದೆ ಸರಿದು, ಕಾನೂನು ಮುಂದೆ ಬಂದು ಕುಳಿತಿತು. ನಾವು ವಕೀಲರಲ್ಲ. ಆದರೂ ಈ ವಿಷಯ ಈ ದೇಶದಲ್ಲಿ ವೀಸಾದ ಮೇಲೆ, ಸಂಬಳದ ಮೇಲೆ ಬದುಕುವ ನಮ್ಮಂಥ ಸಂಸಾರಗಳಿಗೆಲ್ಲ ಸಂಬಂಧಪಟ್ಟದ್ದು ಎಂಬ ಕಾರಣಕ್ಕೆ ಬರೆಯುತ್ತಿದ್ದೇವೆ. ಸಂಪಾದಕರು ಮನ್ನಿಸಬೇಕು.

ಮೊದಲು ನಡೆದದ್ದನ್ನು ಹೇಳಿಬಿಡುತ್ತೇವೆ. ಡಾಕ್ಟರೇಟು ಮುಗಿದ ಮೇಲೆ ನಮಗೆ ಸಿಕ್ಕ ಮೊದಲ ಕೆಲಸ ಉತ್ತರ ಇಂಗ್ಲೆಂಡಿನ ಒಂದು ಸಣ್ಣ ಕಂಪನಿಯಲ್ಲಿ. ಅದರ ಹೆಸರು ಇಲ್ಲಿ ಬೇಡ. 2021ರಲ್ಲಿ ಒಂದು ದಿನ, ಹಳೆಯ ಪರೀಕ್ಷಾ ವರದಿಗಳನ್ನು ನೋಡುತ್ತಿದ್ದಾಗ, ವರದಿಯಲ್ಲಿದ್ದ ಅಂಕಿಗಳಿಗೂ ಪ್ರಯೋಗಾಲಯದ ನೋಟ್‌ಬುಕ್ಕಿನಲ್ಲಿದ್ದ ಅಂಕಿಗಳಿಗೂ ತಾಳೆಯಾಗಲಿಲ್ಲ. ಒಂದು ಕಡೆಯಾಗಿದ್ದರೆ ಕೈತಪ್ಪು ಎನ್ನಬಹುದಿತ್ತು. ಐದು ಕಡೆ ಇತ್ತು. ಮೇಲಿನವರನ್ನು ಕೇಳಿದೆವು. "ನಿಮ್ಮ ಕೆಲಸ ನೀವು ನೋಡಿಕೊಳ್ಳಿ" ಎಂಬ ಅರ್ಥದ ಉತ್ತರ, ಬಹಳ ಸಭ್ಯ ಇಂಗ್ಲಿಷಿನಲ್ಲಿ ಬಂದಿತು.

ಈ ದೇಶಕ್ಕೆ ಕೆಲಸದ ವೀಸಾದ ಮೇಲೆ ಬಂದವರಿಗೆ ಆಗಿನ ನಮ್ಮ ಸ್ಥಿತಿ ವಿವರಿಸಬೇಕಾಗಿಲ್ಲ. ಕೆಲಸ ಹೋದರೆ ಸಂಬಳ ಮಾತ್ರ ಹೋಗುವುದಿಲ್ಲ. ಸಾಮಾನ್ಯವಾಗಿ 60 ದಿನಗಳೊಳಗೆ ಇನ್ನೊಬ್ಬ ಮಾಲೀಕರು ಸಿಗಬೇಕು, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ಶ್ರೀಮತಿಯವರು ಆಗ ಏಳು ತಿಂಗಳ ಗರ್ಭಿಣಿ. ಬಾಯಿಬಿಟ್ಟರೆ ಮನೆ ಹೋಗುತ್ತದೆ, ಬಾಯಿಮುಚ್ಚಿದರೆ ನಿದ್ದೆ ಹೋಗುತ್ತದೆ. ಕೊನೆಗೆ ಊರಿನ ಹೈಸ್ಟ್ರೀಟಿನಲ್ಲಿ, ಚಪ್ಪಲಿ ರಿಪೇರಿ ಅಂಗಡಿಯ ಮಹಡಿಯ ಮೇಲಿದ್ದ ಸಾಲಿಸಿಟರೊಬ್ಬರ ಬಳಿ ಹೋದೆವು. ಎರಡು ಕೋಣೆಯ ಆಫೀಸು, ಅರವತ್ತು ದಾಟಿದ ಮನುಷ್ಯ, ಒಬ್ಬ ಗುಮಾಸ್ತೆ. ಅವರ ಮುಂದೆ ಒಂದೂವರೆ ಗಂಟೆ ಕುಳಿತು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿದೆವು. ಅನುಮಾನ, ಭಯ, ಸಹೋದ್ಯೋಗಿಗಳ ಹೆಸರು, "ನಾವೇ ತಪ್ಪು ತಿಳಿದಿದ್ದರೆ?" ಎಂಬ ಅಳುಕು, ವೀಸಾ, ಬರಲಿರುವ ಕೂಸು, ಎಲ್ಲವನ್ನೂ. ಅವರು ಎಲ್ಲವನ್ನೂ ಹಳದಿ ಹಾಳೆಯ ಮೇಲೆ ಗುರುತು ಹಾಕಿಕೊಂಡರು. ಏನು ಹೇಳಬೇಕು, ಯಾರಿಗೆ ಹೇಳಬೇಕು, ಯಾವ ಕ್ರಮದಲ್ಲಿ ಹೇಳಬೇಕು ಎಂದು ತಿಳಿಸಿದರು. ಹಾಗೆಯೇ ಮಾಡಿದೆವು. ಬೇರೆ ಕೆಲಸವೂ ಸಿಕ್ಕಿತು. ಮಗಳೂ ಹುಟ್ಟಿದಳು. ಆ ಅಧ್ಯಾಯ ಮುಗಿಯಿತು ಎಂದುಕೊಂಡೆವು.

ಮುಗಿದಿರಲಿಲ್ಲ. 2023ರಲ್ಲಿ ಒಂದು ನಿಯಂತ್ರಣ ಸಂಸ್ಥೆ ಆ ಕಂಪನಿಯ ಬಗ್ಗೆ ತನಿಖೆ ಆರಂಭಿಸಿತು. ನಮ್ಮನ್ನೂ ಕರೆಯಿತು. ಸಂತೋಷದಿಂದ ಹೋದೆವು, ಎರಡು ಮಧ್ಯಾಹ್ನ ಕುಳಿತು ಉತ್ತರ ಹೇಳಿದೆವು, ಆರು ಪುಟದ ಹೇಳಿಕೆ ಬರೆದುಕೊಟ್ಟೆವು. ಅದರಲ್ಲಿ "ಸಾಲಿಸಿಟರ ಸಲಹೆ ಪಡೆದು ದೂರು ಕೊಟ್ಟೆವು" ಎಂದು ಒಂದು ವಾಕ್ಯ ಬರೆದಿದ್ದೆವು. ಆ ಒಂದು ವಾಕ್ಯ ಹಿಡಿದು ಸಂಸ್ಥೆಯವರು ನಮ್ಮ ಸಾಲಿಸಿಟರಿಗೆ ನೋಟೀಸು ಕಳಿಸಿದರು. ನಮ್ಮ ಫೈಲು ಪೂರ್ತಿಯಾಗಿ, ಮಾತುಕತೆಯ ಟಿಪ್ಪಣಿ ಸಹಿತವಾಗಿ, ಹದಿನಾಲ್ಕು ದಿನಗಳಲ್ಲಿ ಒಪ್ಪಿಸಬೇಕು ಎಂದು.

ಸಾಲಿಸಿಟರು ಫೋನು ಮಾಡಿ ತಿಳಿಸಿದಾಗ ನಾವು ಹೇಳಿದ್ದು, ಬಹುಶಃ ನೀವೂ ಹೇಳುತ್ತಿದ್ದ ಮಾತನ್ನೇ: "ಕೊಟ್ಟುಬಿಡಿ ಸಾರ್, ನಮ್ಮದೇನು ಮುಚ್ಚಿಡುವಂಥದ್ದಿದೆ?" ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ ಆಗಬಾರದಲ್ಲ, ಕೊಡಲಿಲ್ಲವೆಂದರೆ ಕಳ್ಳರೆಂದುಕೊಂಡಾರು ಎಂಬ ಭಯ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೊಡುವ ಹಕ್ಕು ನಿಮ್ಮದೇ, ನನ್ನದಲ್ಲ. ಆದರೆ ಒಂದು ರಾತ್ರಿ ಯೋಚನೆ ಮಾಡಿ. ಆ ಹಾಳೆಗಳಲ್ಲಿ ನೀವು ಯಾರ ಯಾರ ಹೆಸರು ಹೇಳಿದ್ದೀರಿ ಎಂಬುದನ್ನು ನೆನಪು ಮಾಡಿಕೊಳ್ಳಿ" ಎಂದರು.

ಆ ರಾತ್ರಿ ಶ್ರೀಮತಿಯವರು ಮಗುವಿಗೆ ಹಾಲು ಕುಡಿಸುತ್ತ ಹೇಳಿದ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ: "ನಡೆದದ್ದೆಲ್ಲ ಅವರಿಗೆ ಹೇಳಿಯಾಗಿದೆಯಲ್ಲ. ಇನ್ನು ಉಳಿದದ್ದು ನಮ್ಮ ಭಯ. ಅದು ಅವರಿಗೇಕೆ?" ಇದಕ್ಕಿಂತ ಚೆನ್ನಾಗಿ ಯಾವ ನ್ಯಾಯಾಧೀಶರೂ ಹೇಳಿರಲಾರರು. ಬೆಳಗ್ಗೆ ಫೋನು ಮಾಡಿ "ಕೊಡಬೇಡಿ" ಎಂದೆವು.

ಆಮೇಲೆ ನಾಲ್ಕು ತಿಂಗಳು ಪತ್ರ ವ್ಯವಹಾರ. ಸಾಲಿಸಿಟರು "ಇದು ಕಕ್ಷಿದಾರರ ಗೌಪ್ಯ, ನಿಮ್ಮ ಕಾಯಿದೆ ಇದನ್ನು ಕೇಳುವ ಅಧಿಕಾರ ಕೊಟ್ಟಿಲ್ಲ" ಎಂದು ಬರೆದರೆ, ಸಂಸ್ಥೆಯವರು "ಸಹಕರಿಸದಿದ್ದರೆ ಮುಂದಿನ ಕ್ರಮ" ಎಂದು ಬರೆದರು. ಒಬ್ಬಂಟಿ ಸಾಲಿಸಿಟರಿಗೆ "ಮುಂದಿನ ಕ್ರಮ" ಎಂದರೆ ಸಣ್ಣ ಮಾತಲ್ಲ. ಅವರು ಒಬ್ಬ ಬ್ಯಾರಿಸ್ಟರನ್ನು ಹಿಡಿದು ಅಭಿಪ್ರಾಯ ಬರೆಸಿ ಕಳಿಸಿದರು. ಅದು ತಲುಪಿ ಮೂರು ವಾರದ ಮೇಲೆ ಎರಡು ಸಾಲಿನ ಪತ್ರ ಬಂದಿತು: ನೋಟೀಸನ್ನು ಹಿಂತೆಗೆದುಕೊಳ್ಳಲಾಗಿದೆ. ಕ್ಷಮೆಯೂ ಇಲ್ಲ, ಕಾರಣವೂ ಇಲ್ಲ. ಬ್ಯಾರಿಸ್ಟರ ಬಿಲ್ಲು ವ್ಯಾಟ್ ಸೇರಿ 2,880 ಪೌಂಡು. ಸಾಲಿಸಿಟರ ಸ್ವಂತ ಸಮಯ 26 ಗಂಟೆ, ಅದಕ್ಕೆ ಅವರು ಬಿಲ್ಲೇ ಹಾಕಲಿಲ್ಲ. ಖರ್ಚು ಕೊಡಿ ಎಂದು ಸಂಸ್ಥೆಗೆ ಬರೆದರು. ಅದಕ್ಕೆ ಮೂರು ಸಾಲಿನ ಉತ್ತರ: ಯಾವ ಮೊಕದ್ದಮೆಯೂ ಹೂಡಲ್ಪಟ್ಟಿಲ್ಲವಾದ್ದರಿಂದ ಖರ್ಚಿನ ಪ್ರಶ್ನೆ ಉದ್ಭವಿಸುವುದಿಲ್ಲ.

ಅವರು ನಮ್ಮಲ್ಲಿ ಹಣ ಕೇಳಲಿಲ್ಲ. ನಮಗೆ ಮನಸ್ಸು ತಡೆಯದೆ ಅರ್ಧ ನಾವು ಕೊಟ್ಟೆವು, ತಿಂಗಳಿಗೆ 240 ಪೌಂಡಿನಂತೆ ಆರು ತಿಂಗಳು. ಕೊನೆಯ ಕಂತು ಕೊಡಲು ಹೋದಾಗ ಅವರು ಹೇಳಿದ್ದು: "ಇನ್ನು ಮುಂದೆ ಇಂಥ ಕೇಸು ತೆಗೆದುಕೊಳ್ಳುವುದಿಲ್ಲ. ಮನೆ ಮಾರಾಟ, ಉಯಿಲು, ಇಷ್ಟೇ ಸಾಕು. ನನ್ನ ವಯಸ್ಸಿಗೆ ಇದು ದುಬಾರಿ." ಆ ಮೆಟ್ಟಿಲು ಇಳಿಯುವಾಗ ನಮಗೆ 1,440 ಪೌಂಡಿನ ಚಿಂತೆಯಿರಲಿಲ್ಲ. ನಮ್ಮ ಹಾಗೆಯೇ ವೀಸಾದ ಮೇಲೆ ಬಂದು, ನಮ್ಮ ಹಾಗೆಯೇ ತಾಳೆಯಾಗದ ಅಂಕಿ ನೋಡಿ, ಯಾರನ್ನು ಕೇಳಲಿ ಎಂದು ಆ ಮೆಟ್ಟಿಲು ಹತ್ತುವ ಮುಂದಿನವರ ಚಿಂತೆ ಹತ್ತಿತು. ಅವರಿಗೆ ಮೇಲೆ ಬಾಗಿಲು ಮುಚ್ಚಿರುತ್ತದೆ. ಬಾಗಿಲು ಮುಚ್ಚಿಸಿದವರು ಯಾರು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದವರು.

ಇಷ್ಟು ನಮ್ಮ ಕತೆ. ಇನ್ನು ಕಾನೂನಿನ ಮಾತು. ಅಂದಿನಿಂದ ಸಮಯ ಸಿಕ್ಕಾಗಲೆಲ್ಲ ಓದಿ ತಿಳಿದುಕೊಂಡದ್ದನ್ನು ಹೇಳುತ್ತೇವೆ.

ಇಂಗ್ಲೆಂಡಿನ ಕಾನೂನಿನಲ್ಲಿ ವಕೀಲರ ಹತ್ತಿರ ಸಲಹೆಗಾಗಿ ಆಡಿದ ಮಾತು ಗೌಪ್ಯ. ಈ ಗೌಪ್ಯದ ಹಕ್ಕು ಕಕ್ಷಿದಾರರದ್ದೇ ಹೊರತು ವಕೀಲರದ್ದಲ್ಲ. ಬಿಟ್ಟುಕೊಡುವುದಾದರೆ ಕಕ್ಷಿದಾರರೇ ಬಿಟ್ಟುಕೊಡಬೇಕು. 1995ರಲ್ಲಿ ಡರ್ಬಿ ಮ್ಯಾಜಿಸ್ಟ್ರೇಟ್ ಕೋರ್ಟಿನಿಂದ ಹೊರಟ ಒಂದು ಕೊಲೆ ಪ್ರಕರಣದಲ್ಲಿ ಹೌಸ್ ಆಫ್ ಲಾರ್ಡ್ಸ್ ಈ ಹಕ್ಕನ್ನು ಎತ್ತಿಹಿಡಿಯಿತು. ಇದನ್ನು ಇನ್ನೊಂದು ಹಿತದ ಎದುರು ತಕ್ಕಡಿಯಲ್ಲಿಟ್ಟು ತೂಗಲಿಕ್ಕಿಲ್ಲ ಎಂದಿತು. 2002ರಲ್ಲಿ ಮಾರ್ಗನ್ ಗ್ರೆನ್‌ಫೆಲ್ ಎಂಬ ಬ್ಯಾಂಕಿನ ಪ್ರಕರಣ ಬಂದಿತು. ತೆರಿಗೆ ಇನ್‌ಸ್ಪೆಕ್ಟರು 1970ರ ತೆರಿಗೆ ಆಡಳಿತ ಕಾಯಿದೆಯ 20ನೇ ಕಲಮಿನ ಪ್ರಕಾರ ಬ್ಯಾಂಕು ಪಡೆದ ಕಾನೂನು ಸಲಹೆಯ ಕಾಗದಗಳನ್ನು ಕೇಳಿದ್ದರು. ಬ್ಯಾಂಕು ಕೆಳಗಿನ ಎರಡು ನ್ಯಾಯಾಲಯಗಳಲ್ಲಿ ಸೋತು, ಲಾರ್ಡ್ಸ್‌ನಲ್ಲಿ ಗೆದ್ದಿತು. ಪಾರ್ಲಿಮೆಂಟು ಸ್ಪಷ್ಟವಾಗಿ ಹೇಳಿದ್ದರೆ, ಅಥವಾ ಕಾಯಿದೆಯ ಅರ್ಥದಿಂದ ಅನಿವಾರ್ಯವಾಗಿ ಹೊರಡುವಂತಿದ್ದರೆ ಮಾತ್ರ ಈ ಹಕ್ಕು ಹೋದೀತು, ಸುಮ್ಮನೆ "ಕಾಗದ ಕೊಡಿ" ಎಂಬ ಸಾಮಾನ್ಯ ಅಧಿಕಾರ ಸಾಲದು ಎಂಬುದು ತೀರ್ಪಿನ ಸಾರ. ಬ್ಯಾಂಕಿಗೆ ಮೂರು ಮೆಟ್ಟಿಲು ಹತ್ತುವ ಶಕ್ತಿಯಿತ್ತು. ಚಪ್ಪಲಿ ಅಂಗಡಿಯ ಮಹಡಿಯವರಿಗೆ ಒಂದು ಮೆಟ್ಟಿಲಿಗೇ ಉಸಿರು ಕಟ್ಟುತ್ತದೆ.

ನಮ್ಮ ರಸಾಯನ ಕುಲದವರಿಗೂ ಈ ಚರಿತ್ರೆಯಲ್ಲಿ ಪಾಲಿದೆ ಎಂಬುದು ನಮಗೆ ಆಮೇಲೆ ತಿಳಿದದ್ದು. 1979ರ ಫೆಬ್ರವರಿಯಲ್ಲಿ ಯೂರೋಪಿಯನ್ ಕಮಿಷನ್ನಿನ ಅಧಿಕಾರಿಗಳು ಬ್ರಿಸ್ಟಲ್ಲಿನ ಸತುವಿನ ಕಂಪನಿಯೊಂದಕ್ಕೆ, ಎ.ಎಂ. ಅಂಡ್ ಎಸ್. ಯೂರೋಪಿಗೆ, ತಪಾಸಣೆಗೆ ಹೋಗಿ ವಕೀಲರ ಕಾಗದಗಳನ್ನೂ ಕೇಳಿದರು. ಕಂಪನಿ ಕೊಡಲಿಲ್ಲ. ಸ್ವತಂತ್ರ ವಕೀಲರ ಸಲಹೆ ಯೂರೋಪಿನ ಕಾನೂನಿನಲ್ಲೂ ಗೌಪ್ಯ ಎಂಬ ತೀರ್ಪು ಬರಲು 1982ರ ಮೇ ತಿಂಗಳಾಯಿತು. 2003ರಲ್ಲಿ ಮ್ಯಾಂಚೆಸ್ಟರಿನ ಎಕಲ್ಸ್‌ನಲ್ಲಿ ಆಕ್ಜೊ ನೊಬೆಲ್ ಸಮೂಹದ ರಾಸಾಯನಿಕ ಕಂಪನಿಯಲ್ಲಿ ಇಂಥದೇ ತಪಾಸಣೆ. ಅಲ್ಲಿ ಪ್ರಶ್ನೆ, ಕಂಪನಿಯ ಸಂಬಳದ ವಕೀಲರಿಗೂ ಈ ರಕ್ಷೆ ಇದೆಯೇ ಎಂಬುದು. ಇಲ್ಲ ಎಂಬ ಕೊನೆಯ ಉತ್ತರ ಬಂದದ್ದು 2010ರ ಸೆಪ್ಟೆಂಬರಿನಲ್ಲಿ. ಒಂದಕ್ಕೆ ಮೂರು ವರ್ಷ, ಇನ್ನೊಂದಕ್ಕೆ ಏಳು ವರ್ಷ. ಅಷ್ಟು ಕಾಲ ವಕೀಲರ ಮೀಟರು ಓಡುತ್ತಲೇ ಇರುತ್ತದೆ ಎಂಬುದನ್ನು ವಾಚಕರು ಮರೆಯಬಾರದು.

ಹಕ್ಕು ಇದೆ, ಸರಿ. ಹಕ್ಕನ್ನು ಕಾಪಾಡಿಕೊಳ್ಳುವ ಖರ್ಚು ಯಾರದು? ಕೋರ್ಟಿನಲ್ಲಿ ಸಾಮಾನ್ಯ ನಿಯಮ ಸರಳವಾದದ್ದು: ಸೋತವರು ಗೆದ್ದವರ ಖರ್ಚು ಕೊಡಬೇಕು. ಪೂರ್ತಿ ಬರುವುದು ಅಪರೂಪ. ನ್ಯಾಯಾಲಯ "ಇದು ಹೆಚ್ಚಾಯಿತು, ಅದು ಅನಾವಶ್ಯಕ" ಎಂದು ಕಡಿತ ಮಾಡುತ್ತದೆ. ಆದರೂ ಬಹುಭಾಗ ಬಂದೀತು. ತಮಗಾಗಿ ತಾವೇ ವಾದಿಸಿ ಗೆದ್ದ ಸಾಲಿಸಿಟರು ತಮ್ಮ ಸಮಯಕ್ಕೂ ಹಣ ಕೇಳಬಹುದು ಎಂದು 1884ರಲ್ಲೇ ತೀರ್ಪಾಗಿದೆ. ಕೇಳಲು ಎಷ್ಟು ಚೆನ್ನ!

ಆದರೆ ಇದೆಲ್ಲ ಮೊಕದ್ದಮೆ ಹೂಡಿದ ಮೇಲಿನ ಮಾತು. ಪತ್ರದ ಹಂತದಲ್ಲೇ ಸಂಸ್ಥೆ ಹಿಂದೆ ಸರಿದರೆ, ಕೋರ್ಟಿನ ಕಡತವೇ ಹುಟ್ಟಿರುವುದಿಲ್ಲ. ಕಡತವಿಲ್ಲದೆ ಖರ್ಚಿನ ಆಜ್ಞೆ ಮಾಡುವವರು ಯಾರು? ಇದರ ಪರಿಣಾಮ ನೋಡಿ. ಸಮಾಧಾನದಿಂದ ಪತ್ರ ಬರೆದು, ಕೋರ್ಟಿನ ಸಮಯ ಉಳಿಸಿ, ತಪ್ಪನ್ನು ತಿದ್ದಿಸಿದವರಿಗೆ ಬಿಡಿಗಾಸೂ ಇಲ್ಲ. ಮೊದಲ ದಿನವೇ ದಾವೆ ಹೂಡಿ ಜಗಳವಾಡಿದವರಿಗೆ ಹಣ ಬರುವ ಸಾಧ್ಯತೆ ಇದೆ. ಸಂಸ್ಥೆಯ ಕಡೆಯಿಂದ ನೋಡಿದರೆ, ಕೊನೆಯ ಗಳಿಗೆಯವರೆಗೆ ಬೆದರಿಸಿ, ಎದುರಿನವರು ದಾವೆ ಹೂಡುವ ಹಿಂದಿನ ದಿನ ಹಿಂತೆಗೆದುಕೊಂಡರೆ ಖರ್ಚು ಸೊನ್ನೆ. ನೂರು ಜನಕ್ಕೆ ನೋಟೀಸು ಕಳಿಸಿ, ಹೆದರಿ ಕೊಟ್ಟವರಿಂದ ಪಡೆದು, ಹೆದರದವರನ್ನು ಬಿಟ್ಟುಬಿಟ್ಟರೂ ಖರ್ಚು ಸೊನ್ನೆ. ಯಾರೋ ದುಷ್ಟರು ಹೀಗೆ ಮಾಡುತ್ತಿದ್ದಾರೆ ಎಂದು ನಾವು ಹೇಳುತ್ತಿಲ್ಲ. ವ್ಯವಸ್ಥೆ ಇದಕ್ಕೆ ಬಾಗಿಲು ತೆರೆದಿಟ್ಟಿದೆ ಎನ್ನುತ್ತಿದ್ದೇವೆ.

ತೆರಿಗೆಯ ವಿಷಯದಲ್ಲಿ ಈಗ ಕಾಯಿದೆ ಸ್ಪಷ್ಟವಾಗಿದೆ. 2008ರ ಫೈನಾನ್ಸ್ ಆಕ್ಟಿನ 36ನೇ ಅನುಸೂಚಿಯ ಪ್ರಕಾರ ಗೌಪ್ಯದ ಕಾಗದವನ್ನು ನೋಟೀಸು ಕೊಟ್ಟು ಕೇಳುವಂತಿಲ್ಲ. ವಿವಾದವಾದರೆ ನ್ಯಾಯಮಂಡಳಿಗೆ ಒಯ್ಯುವ ಕ್ರಮವನ್ನೂ 2009ರಲ್ಲಿ ಮಾಡಿದರು. ಒಳ್ಳೆಯದೇ. ಆದರೆ ಆ ಮೊದಲ ಹಂತದ ನ್ಯಾಯಮಂಡಳಿಯಲ್ಲಿ ಸಾಮಾನ್ಯವಾಗಿ ಅವರವರ ಖರ್ಚು ಅವರವರದೇ. ಎದುರಿನವರು ಅವಿವೇಕದಿಂದ ನಡೆದುಕೊಂಡರು ಎಂದು ತೋರಿಸಿದರೆ ಮಾತ್ರ ಬೇರೆ. ಅದೇ ಅನುಸೂಚಿಯಲ್ಲಿ ನೋಟೀಸು ಪಾಲಿಸದವರಿಗೆ ಮೊದಲು 300 ಪೌಂಡು ದಂಡ, ಆಮೇಲೆ ದಿನಕ್ಕೆ 60 ಪೌಂಡಿನವರೆಗೆ. ಕೊಡದವರಿಗೆ ದಿನಗಟ್ಟಳೆ ದಂಡವಿದೆ. ಕೇಳಬಾರದ್ದನ್ನು ಕೇಳಿದವರಿಗೆ? ಆ ಕಲಮು ನಮಗೆಲ್ಲೂ ಸಿಗಲಿಲ್ಲ.

ನಿಯಂತ್ರಣ ಸಂಸ್ಥೆಗಳು ಸೋತರೂ ಖರ್ಚು ಕೊಡದಿರುವುದಕ್ಕೆ ನ್ಯಾಯಾಲಯಗಳು ಹೇಳಿದ ಕಾರಣವನ್ನೂ ಹೇಳಬೇಕು, ಒಂದೇ ಕಡೆಯ ವಾದ ಸರಿಯಲ್ಲ. 2000ದಲ್ಲಿ ಬ್ರಾಡ್‌ಫರ್ಡ್ ನಗರಸಭೆಯ ಒಂದು ಬಾಡಿಗೆ ಕಾರಿನ ಪರವಾನಗಿ ಪ್ರಕರಣದಲ್ಲಿ ಲಾರ್ಡ್ ಬಿಂಗ್ಹಮ್ ಅವರು, ಸಾರ್ವಜನಿಕ ಸಂಸ್ಥೆ ಪ್ರಾಮಾಣಿಕವಾಗಿ, ವಿವೇಚನೆಯಿಂದ, ಮೇಲ್ನೋಟಕ್ಕೆ ಸರಿಯಾದ ಆಧಾರದ ಮೇಲೆ ನಡೆದುಕೊಂಡಿದ್ದರೆ, ಮೇಲ್ಮನವಿಯಲ್ಲಿ ಸೋತ ಮಾತ್ರಕ್ಕೆ ಖರ್ಚು ಹೇರಬಾರದು ಎಂದರು. ಹಾಗೆಯೇ ಎದುರಿನ ವ್ಯಕ್ತಿಗೆ ಆಗುವ ಹಣದ ನಷ್ಟವನ್ನೂ ನೋಡಬೇಕು ಎಂದರು. 2007ರಲ್ಲಿ ಸಾಲಿಸಿಟರೊಬ್ಬರಿಗೂ ಲಾ ಸೊಸೈಟಿಗೂ ನಡೆದ ಪ್ರಕರಣದಲ್ಲಿ ಅಪೀಲು ಕೋರ್ಟು, ಶಿಸ್ತುಕ್ರಮ ಜರುಗಿಸುವ ಸಂಸ್ಥೆಯ ಮೇಲೆ ಖರ್ಚು ಹೇರಬೇಕಾದರೆ ಸೋಲು ಮಾತ್ರ ಸಾಲದು ಎಂಬ ದಾರಿಯಲ್ಲೇ ನಡೆಯಿತು. ಇಲ್ಲವಾದರೆ ನಿಯಂತ್ರಕರು ಖರ್ಚಿಗೆ ಹೆದರಿ ಕೈಕಟ್ಟಿ ಕುಳಿತಾರು ಎಂಬುದು ಆತಂಕ.

2022ರ ಮೇ 25ರಂದು ಸುಪ್ರೀಂ ಕೋರ್ಟು ಈ ಆತಂಕಕ್ಕೆ ಒಂದು ಮಿತಿ ಹಾಕಿತು. ಅದೂ ಔಷಧದ ವಿಷಯವೇ: ಮೂರ್ಛೆರೋಗಕ್ಕೆ ಕೊಡುವ ಫೆನಿಟೋಯಿನ್ ಕ್ಯಾಪ್ಸೂಲು. 1908ರಲ್ಲೇ ತಯಾರಿಸಿದ ಹಳೆಯ ಅಣು. ಅದರ ಬೆಲೆ ವಿಪರೀತ ಏರಿಸಿದರೆಂದು ಸ್ಪರ್ಧಾ ಪ್ರಾಧಿಕಾರವು 2016ರಲ್ಲಿ ಫೈಜರಿಗೆ 84.2 ಮಿಲಿಯನ್, ಫ್ಲಿನ್ ಫಾರ್ಮಾಗೆ 5.2 ಮಿಲಿಯನ್ ಪೌಂಡು ದಂಡ ಹಾಕಿತು. 2018ರಲ್ಲಿ ನ್ಯಾಯಮಂಡಳಿ ಆ ನಿರ್ಣಯದ ಮುಖ್ಯ ಭಾಗವನ್ನು ರದ್ದುಮಾಡಿತು, ಆಮೇಲೆ ಕಂಪನಿಗಳ ಖರ್ಚಿನಲ್ಲಿ ಒಂದು ಪಾಲನ್ನು ಪ್ರಾಧಿಕಾರವೇ ಕೊಡಬೇಕೆಂದಿತು. ಅಪೀಲು ಕೋರ್ಟು ಬೇಡವೆಂದಿತು. ಸುಪ್ರೀಂ ಕೋರ್ಟು ನ್ಯಾಯಮಂಡಳಿಯ ಆಜ್ಞೆಯನ್ನೇ ಎತ್ತಿಹಿಡಿಯಿತು. ಸಾರ್ವಜನಿಕ ಸಂಸ್ಥೆ ಎಂಬ ಒಂದೇ ಕಾರಣಕ್ಕೆ ಖರ್ಚಿನಿಂದ ವಿನಾಯಿತಿ ಎಂಬ ಸಾರ್ವತ್ರಿಕ ನಿಯಮ ಇಲ್ಲ, ಸಂಸ್ಥೆ ಹೆದರಿ ಹಿಂಜರಿಯುವ ಅಪಾಯ ನಿಜವಾಗಿ ಇದೆಯೇ ಎಂದು ಆಯಾ ಸಂದರ್ಭದಲ್ಲಿ ನೋಡಬೇಕು ಎಂದಿತು. ಆ ಔಷಧದ ಬೆಲೆ ಏರಿಸಿದವರ ಬಗ್ಗೆ ನಮಗೆ ಯಾವ ಪ್ರೀತಿಯೂ ಇಲ್ಲ. ಆದರೆ ಖರ್ಚಿನ ಬಗ್ಗೆ ಅಂದು ಹೇಳಿದ ಮಾತು ನ್ಯಾಯವಾದದ್ದು.

ಕೆಲವು ಮಿತ್ರರ ಮನೆಯಲ್ಲಿ ಈ ಮಾತು ಬಂದಾಗ ಮೂರು ಆಕ್ಷೇಪಗಳು ಎದ್ದವು. ಮೊದಲನೆಯದು: "ನಿಯಂತ್ರಣ ಸಂಸ್ಥೆಗಳ ಕೈಕಟ್ಟಿದರೆ ಕಂಪನಿಗಳ ಮೇಲೆ ಕಣ್ಣಿಡುವವರು ಯಾರು?" ನಾವು ಔಷಧ, ರಾಸಾಯನಿಕಗಳ ಮಧ್ಯೆ ಅನ್ನ ತಿನ್ನುವವರು. ಥಾಲಿಡೊಮೈಡಿನ ದುರಂತವನ್ನು ವಿದ್ಯಾರ್ಥಿಗಳಾಗಿದ್ದಾಗಲೇ ಓದಿದ್ದೇವೆ. ಆ ಮಾತ್ರೆ ಈ ದೇಶದಲ್ಲಿ 1958ರಿಂದ 1961ರವರೆಗೆ ಮಾರಾಟವಾಯಿತು. ಆ ಪಾಠದಿಂದಲೇ 1968ರ ಔಷಧ ಕಾಯಿದೆ ಬಂದದ್ದು. ನಿಯಂತ್ರಕರು ಬೇಕು, ಬಲವಾಗಿಯೇ ಬೇಕು. ನಮ್ಮ ಹಳೆಯ ಕಂಪನಿಯ ಮೇಲೆ ತನಿಖೆ ನಡೆದಾಗ ಸಂತೋಷಪಟ್ಟವರಲ್ಲಿ ನಾವೇ ಮೊದಲಿಗರು. ಆದರೆ ಅಂಥ ಸಂಸ್ಥೆಗೆ ದೂರು ಮುಟ್ಟುವುದು ಹೇಗೆ? ನಮ್ಮಂಥವರು ಯಾರೋ ಧೈರ್ಯ ಮಾಡಿ ಸಾಲಿಸಿಟರ ಹತ್ತಿರ ಹೋಗಿ, ದಾರಿ ತಿಳಿದುಕೊಂಡು ದೂರು ಕೊಟ್ಟದ್ದರಿಂದ. ಆ ಸಾಲಿಸಿಟರ ಬಾಗಿಲು ಮುಚ್ಚಿಸಿದರೆ ಸಂಸ್ಥೆ ತನ್ನ ಬಾವಿಗೆ ತಾನೇ ಮಣ್ಣು ಹಾಕಿಕೊಂಡಂತೆ.

ಎರಡನೆಯದು: "ಕಳ್ಳರೆಲ್ಲ ವಕೀಲರ ಹಿಂದೆ ಅಡಗಿಕೊಳ್ಳುವುದಿಲ್ಲವೇ?" ಅದಕ್ಕೆ ಕಾನೂನಿನಲ್ಲಿ ಮೊದಲಿನಿಂದಲೂ ಮದ್ದಿದೆ. ಅಪರಾಧ ಮಾಡುವುದಕ್ಕಾಗಿಯೇ ಪಡೆದ ಸಲಹೆ ಗೌಪ್ಯವಲ್ಲ ಎಂದು 1884ರ ಕಾಕ್ಸ್ ಮತ್ತು ರೈಲ್ಟನ್ ಪ್ರಕರಣದಲ್ಲಿ ತೀರ್ಮಾನವಾಗಿದೆ. ಸಾಲಿಸಿಟರೇ ತಪ್ಪು ಮಾಡಿದ್ದಾರೆಂಬ ಅನುಮಾನವಿದ್ದರೆ ಅವರ ವೃತ್ತಿಯ ನಿಯಂತ್ರಕರಿಗೆ ಅವರ ಕಾಗದ ನೋಡುವ ಪ್ರತ್ಯೇಕ ಅಧಿಕಾರ ಇದೆ. ಅದನ್ನು ನಾವು ಪ್ರಶ್ನಿಸುತ್ತಿಲ್ಲ. ನಮ್ಮ ಪ್ರಶ್ನೆ ಇವೆರಡೂ ಅಲ್ಲದ, ಸುಮ್ಮನೆ "ಇದ್ದರೆ ನೋಡೋಣ" ಎಂದು ಕೇಳುವ ನೋಟೀಸಿನ ಬಗ್ಗೆ.

ಮೂರನೆಯದು ಸ್ವಲ್ಪ ಗಟ್ಟಿಯಾದ ಆಕ್ಷೇಪ: "ಖರ್ಚು ಕೊಡುವುದು ಯಾರ ಹಣದಿಂದ? ನಮ್ಮ ತೆರಿಗೆಯಿಂದಲೇ ತಾನೇ? ಅದೂ ವಕೀಲರ ಜೇಬಿಗೆ!" ನಿಜ. ಕೆಲವು ಸಂಸ್ಥೆಗಳು ತೆರಿಗೆಯಿಂದ, ಕೆಲವು ತಾವು ನಿಯಂತ್ರಿಸುವವರ ಶುಲ್ಕದಿಂದ ನಡೆಯುತ್ತವೆ. ಆದರೆ ಹೇಗೂ ಯಾರೋ ಒಬ್ಬರು ಕೊಡಲೇಬೇಕಾದ ಹಣ ಇದು. ಲಕ್ಷಾಂತರ ಜನರ ಮೇಲೆ ಹಂಚಿದರೆ ಒಬ್ಬೊಬ್ಬರಿಗೆ ಕಾಸಿನ ಲೆಕ್ಕ. ಒಬ್ಬರ ಮೇಲೆ ಹೇರಿದರೆ ಆರು ತಿಂಗಳ ಕಂತು. ಎಲ್ಲರ ಒಳಿತಿಗಾಗಿ ಮಾಡಿದ ಕೆಲಸದಲ್ಲಿ ತಪ್ಪಾದರೆ, ಆ ತಪ್ಪಿನ ಬೆಲೆಯನ್ನೂ ಎಲ್ಲರೂ ಹಂಚಿಕೊಳ್ಳುವುದೇ ಧರ್ಮ. ಜೊತೆಗೆ, ಬೆಲೆ ತೆರಬೇಕಾದವರು ಮುಂದಿನ ಸಲ ಎಚ್ಚರದಿಂದ ಇರುತ್ತಾರೆ. ನಮ್ಮ ಪ್ರಯೋಗಾಲಯದಲ್ಲಿ ಒಂದು ನಿಯಮವಿದೆ. ಯಾವ ತಂಡದ ತಪ್ಪಿನಿಂದ ಮಾದರಿ ಕೆಟ್ಟಿತೋ, ಮರುಪರೀಕ್ಷೆಯ ಖರ್ಚು ಆ ತಂಡದ ಲೆಕ್ಕಕ್ಕೆ. ಇದು ಬಂದ ಮೇಲೆ ಮಾದರಿಗಳ ಮೇಲೆ ಚೀಟಿ ಅಂಟಿಸುವುದನ್ನು ಯಾರೂ ಮರೆಯುತ್ತಿಲ್ಲ. ಯಾರನ್ನೂ ಬೈದದ್ದೂ ಇಲ್ಲ.

ಹಾಗಾದರೆ ಆಗಬೇಕಾದ್ದೇನು? ನಮ್ಮ ಅಲ್ಪಮತಿಗೆ ತೋಚಿದ್ದು ಹೀಗೆ. ಒಂದು: ಸಾಲಿಸಿಟರಿಗೆ ನೋಟೀಸು ಕಳಿಸುವ ಮೊದಲು ಸಂಸ್ಥೆಯ ಒಬ್ಬ ಹಿರಿಯ ಕಾನೂನು ಅಧಿಕಾರಿ ಅದನ್ನು ನೋಡಿ, ಗೌಪ್ಯದ ಕಾಗದ ಕೇಳುತ್ತಿಲ್ಲ, ಅಥವಾ ಕೇಳಲು ಇಂಥ ಕಲಮು ಅಧಿಕಾರ ಕೊಟ್ಟಿದೆ ಎಂದು ಸಹಿ ಹಾಕಬೇಕು. ಎರಡು: ಹಾಗೆ ನೋಡದೆ ಕಳಿಸಿದ ನೋಟೀಸನ್ನು ಹಿಂತೆಗೆದುಕೊಂಡರೆ, ಕೋರ್ಟಿಗೆ ಹೋಗಲಿ ಬಿಡಲಿ, ಉತ್ತರಿಸಲು ತಗಲಿದ ನ್ಯಾಯವಾದ ಖರ್ಚನ್ನು ಒಂದು ಗೊತ್ತಾದ ದರದಲ್ಲಿ, ಗೊತ್ತಾದ ದಿನಗಳೊಳಗೆ ಕೊಡಬೇಕು. ದುರುದ್ದೇಶ ಇತ್ತೆಂದು ನಾವು ಸಾಧಿಸಬೇಕಾಗಿ ಬರಬಾರದು. ಮೂರು: ವರ್ಷಕ್ಕೆ ಇಂಥ ಎಷ್ಟು ನೋಟೀಸು ಹಿಂತೆಗೆಯಲಾಯಿತು, ಎಷ್ಟು ಖರ್ಚು ಕೊಡಲಾಯಿತು ಎಂದು ವಾರ್ಷಿಕ ವರದಿಯಲ್ಲಿ ಅಚ್ಚು ಮಾಡಬೇಕು.

ಎಲ್ಲ ವಿವಾದಕ್ಕೂ ಇದು ಹೊಂದುವುದಿಲ್ಲ ಎಂಬುದು ನಮಗೂ ಗೊತ್ತು. 2020ರಲ್ಲಿ ಸ್ಪೋರ್ಟ್ಸ್ ಡೈರೆಕ್ಟ್ ಕಂಪನಿಗೂ ಲೆಕ್ಕಪರಿಶೋಧಕರ ನಿಯಂತ್ರಕರಿಗೂ ನಡೆದ ಪ್ರಕರಣ ನೋಡಿ. ನಿಯಂತ್ರಕರಿಗೆ ಕೊಡುವುದರಿಂದ ಗೌಪ್ಯಕ್ಕೆ ಭಂಗವೇ ಆಗುವುದಿಲ್ಲ ಎಂಬ ವಾದವನ್ನು ಅಪೀಲು ಕೋರ್ಟು ಒಪ್ಪಲಿಲ್ಲ. ಆದರೆ ವಕೀಲರಿಗೆ ಕಳಿಸಿದ ಪತ್ರಕ್ಕೆ ಲಗತ್ತಿಸಿದ ಮಾತ್ರಕ್ಕೆ ಮೊದಲೇ ಇದ್ದ ಸಾಮಾನ್ಯ ಕಾಗದ ಗೌಪ್ಯವಾಗಿಬಿಡುವುದಿಲ್ಲ ಎಂಬ ಅಂಶದಲ್ಲಿ ನಿಯಂತ್ರಕರ ಮಾತು ನಿಂತಿತು. ಎರಡು ಕಡೆಗೂ ಸ್ವಲ್ಪ ಸತ್ಯವಿರುವ ಇಂಥ ಕಡೆ ಖರ್ಚನ್ನು ನ್ಯಾಯಾಧೀಶರ ವಿವೇಚನೆಗೆ ಬಿಡೋಣ. ನಾವು ಕೇಳುತ್ತಿರುವುದು ಅನುಮಾನಕ್ಕೆ ಎಡೆಯಿಲ್ಲದ ತಪ್ಪಿನ ಬಗ್ಗೆ.

ಊರಿನ ಕಡೆಯ ಮಾತನ್ನೂ ಒಂದಿಷ್ಟು ಹೇಳಬೇಕು, ನಮ್ಮಲ್ಲಿ ಅನೇಕರಿಗೆ ಅಲ್ಲಿಯೂ ಆಸ್ತಿಪಾಸ್ತಿ, ವಕೀಲರು ಇದ್ದೇ ಇದ್ದಾರೆ. ಭಾರತದಲ್ಲಿ 1872ರ ಸಾಕ್ಷ್ಯ ಕಾಯಿದೆಯ 126ನೇ ಕಲಮಿನಲ್ಲಿದ್ದ ಈ ರಕ್ಷೆ 2024ರ ಜುಲೈಯಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿಗೆ ಬಂದಿದೆ. 2025ರಲ್ಲಿ ಜಾರಿ ನಿರ್ದೇಶನಾಲಯವು ಹಿರಿಯ ವಕೀಲರಿಗೇ ಸಮನ್ಸು ಕಳಿಸಿ, ಗದ್ದಲವಾದ ಮೇಲೆ ಹಿಂತೆಗೆದುಕೊಂಡಿತು. ಸುಪ್ರೀಂ ಕೋರ್ಟು ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು. ಕಾಯಿದೆ ಹೇಳಿದ ವಿನಾಯಿತಿಗಳ ಹೊರತು ಕಕ್ಷಿದಾರರ ಬಗ್ಗೆ ತಿಳಿಯಲು ವಕೀಲರನ್ನು ಕರೆಯುವಂತಿಲ್ಲ, ಕರೆಯುವುದಾದರೂ ಮೇಲಧಿಕಾರಿಯ ಒಪ್ಪಿಗೆ ಬರಹದಲ್ಲಿ ಇರಬೇಕು ಎಂದು ಆ ವರ್ಷ ಅಕ್ಟೋಬರ್ 31ರಂದು ತೀರ್ಪಿತ್ತಿತು. ನಮ್ಮ ಮೊದಲನೆಯ ಸಲಹೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

ಕೊನೆಗೆ ಸದಸ್ಯ ಕುಟುಂಬಗಳಿಗೆ ನಾಲ್ಕು ಮಾತು. ನಿಮ್ಮ ಸಾಲಿಸಿಟರಿಗೆ ಯಾರಾದರೂ ನಿಮ್ಮ ಫೈಲು ಕೇಳಿದರೆ ಗಾಬರಿಯಿಂದ "ಕೊಟ್ಟುಬಿಡಿ" ಎನ್ನಬೇಡಿ. ಒಂದು ರಾತ್ರಿ ಯೋಚಿಸಿ, ಮನೆಯವರನ್ನು ಕೇಳಿ. ಒಮ್ಮೆ ಬಿಟ್ಟುಕೊಟ್ಟ ಗೌಪ್ಯವನ್ನು ಮತ್ತೆ ಕಟ್ಟಿಹಾಕುವುದು ಕಷ್ಟ. ವಕೀಲರ ಸಲಹೆಯ ಪತ್ರಗಳನ್ನು ಬೇರೆ ಕಾಗದಗಳ ಜೊತೆ ಬೆರೆಸದೆ ಪ್ರತ್ಯೇಕ ಇಡಿ. ಸ್ನೇಹಿತರಿಗೆಲ್ಲ ಕಳಿಸಿ ಅಭಿಪ್ರಾಯ ಕೇಳುವ ನಮ್ಮವರ ಅಭ್ಯಾಸ ಇಲ್ಲಿ ಒಳ್ಳೆಯದಲ್ಲ, ಹಂಚಿದಷ್ಟೂ ಗೌಪ್ಯ ತೆಳುವಾಗುತ್ತದೆ. ಮೊದಲ ಭೇಟಿಯಲ್ಲೇ, ಹೀಗೊಂದು ನೋಟೀಸು ಬಂದರೆ ಖರ್ಚು ಯಾರದು ಎಂದು ಕೇಳಿ ಬರೆಸಿಕೊಳ್ಳಿ. ಸತ್ಯ ಸಂಗತಿಯನ್ನು ತನಿಖೆಯವರಿಗೆ ಹೇಳುವುದರಲ್ಲಿ ಮಾತ್ರ ಹಿಂಜರಿಯಬೇಡಿ. ಸಂಗತಿ ಬೇರೆ, ವಕೀಲರ ಮುಂದೆ ತೋಡಿಕೊಂಡ ಸಂಕಟ ಬೇರೆ.

ಸಂಘದ ಕಾರ್ಯಕಾರಿ ಸಮಿತಿಗೆ ನಮ್ಮ ವಿನಂತಿ ಇಷ್ಟೇ. ಯುಗಾದಿ, ರಾಜ್ಯೋತ್ಸವಗಳ ನಡುವೆ ಒಂದು ಭಾನುವಾರ ನಮ್ಮಲ್ಲೇ ಇರುವ ವಕೀಲ ಮಿತ್ರರನ್ನು ಕೂರಿಸಿ ಈ ವಿಷಯ ಮಾತಾಡಿಸಬೇಕು. ಮೇಲಿನ ಮೂರು ಬೇಡಿಕೆಗಳನ್ನು ತಿದ್ದಿ ಒಂದು ಪತ್ರ ಮಾಡಿದರೆ, ಒಂದೊಂದು ಊರಿನ ಸದಸ್ಯರೂ ತಮ್ಮ ತಮ್ಮ ಪಾರ್ಲಿಮೆಂಟು ಸದಸ್ಯರಿಗೆ ಕಳಿಸಬಹುದು. ಒಪ್ಪದವರು ಮುಂದಿನ ಸಂಚಿಕೆಗೆ ಖಂಡಿಸಿ ಬರೆಯಲಿ, ಅದೂ ಸಂತೋಷವೇ. ಕೋರ್ಟಿನ ವಿಷಯದಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ನಮ್ಮ ವಿಷಯದಲ್ಲಿ ಕೋರ್ಟಿಗೆ ಹೋಗದೆಯೇ ಗೆದ್ದು, ಗೆದ್ದೂ ಸೋತೆವು.

ಚಪ್ಪಲಿ ಅಂಗಡಿಯ ಮಹಡಿಯ ಬಾಗಿಲಿನ ಮೇಲೆ ಈಗ "ಮನೆ ಕ್ರಯ, ಉಯಿಲು" ಎಂಬೆರಡೇ ಪದಗಳ ಫಲಕವಿದೆ. ಕಳೆದ ತಿಂಗಳು ಆ ದಾರಿಯಲ್ಲಿ ಹೋಗುವಾಗ, ಮೊದಲಿದ್ದ ಮೂರನೆಯ ಸಾಲನ್ನು ಬಣ್ಣ ಬಳಿದು ಅಳಿಸಿದ್ದು ಕಂಡಿತು. ಆ ಸಾಲನ್ನು ಮತ್ತೆ ಬರೆಸುವುದು ಸಾಧ್ಯವೇ ಎಂಬುದನ್ನು ಎಲ್ಲರೂ ಕೂಡಿ ಯೋಚಿಸೋಣ.